ಚಿಕ್ಕ ಮಕ್ಕಳ ಹೊರಸಂಚಾರ: ಅಪಾಯವನ್ನು ಮುಂಚಿತವಾಗಿ ಅಳೆಯುವ ಕ್ರಮ

ಕನ್ನಡ ವಿಭಾಗದಲ್ಲಿ ಅಧ್ಯಯನ ಮಾಡಿದವರಲ್ಲಿ ಹಲವರು ಮುಂದೆ ಶಿಕ್ಷಕ ತರಬೇತಿ ಪಡೆದು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಅಧ್ಯಾಪಕರಾಗುತ್ತಾರೆ. ಛಂದಸ್ಸು, ವ್ಯಾಕರಣ, ಕಾವ್ಯಗಳನ್ನು ಕಲಿತು ಹೊರಟವರ ಕೈಗೆ ಮೊದಲ ವರ್ಷದಲ್ಲಿಯೇ ಬಂದು ಸೇರುವ ಹೊಣೆಗಳಲ್ಲಿ ಮಕ್ಕಳ ಪ್ರವಾಸದ ಉಸ್ತುವಾರಿಯೂ ಒಂದು. ಕಿರಿಯ ಅಧ್ಯಾಪಕರು ಓಡಾಡಬಲ್ಲರು ಎಂಬ ಕಾರಣದಿಂದ ಆ ಕೆಲಸ ಸಹಜವಾಗಿ ಅವರ ಪಾಲಿಗೆ ಬರುತ್ತದೆ. ಆದರೆ ಅದಕ್ಕೆ ಬೇಕಾದ ಸಿದ್ಧತೆ ಎಂತಹುದು ಎಂಬುದನ್ನು ಹೇಳಿಕೊಡುವ ಪಾಠ ವಿರಳ. ಅಂಗನವಾಡಿಯಿಂದ ನಾಲ್ಕನೆಯ ತರಗತಿಯವರೆಗಿನ ಮಕ್ಕಳನ್ನು ಶಾಲೆಯ ಹೊರಗೆ ಕರೆದೊಯ್ಯುವಾಗ ಅಪಾಯವನ್ನು ಹೇಗೆ ಗುರುತಿಸಬೇಕು, ಹೇಗೆ ಅಳೆಯಬೇಕು, ಹೇಗೆ ತಗ್ಗಿಸಬೇಕು ಎಂಬುದನ್ನು ಕ್ರಮವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ಹೊರಗೆ ಕರೆದೊಯ್ಯುವುದೇಕೆ?

ಅಪಾಯವಿದೆಯೆಂದು ಪ್ರವಾಸವನ್ನೇ ಕೈಬಿಡುವುದು ಸುಲಭ. ಆದರೆ ಅದರಿಂದ ಮಗುವಿಗೆ ಆಗುವ ನಷ್ಟ ಸಣ್ಣದಲ್ಲ. ಶಾಲೆಯ ತಿಳಿವಳಿಕೆಯನ್ನು ಶಾಲೆಯ ಹೊರಗಿನ ಬದುಕಿನೊಡನೆ ಜೋಡಿಸಬೇಕೆಂಬುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮೂಲ ತತ್ತ್ವಗಳಲ್ಲೊಂದು. ಅದಕ್ಕೂ ಬಹಳ ಹಿಂದೆ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯನ್ನು ನಾಲ್ಕು ಗೋಡೆಗಳಿಂದ ಬಿಡಿಸುವ ಪ್ರಯೋಗಗಳನ್ನು ನಡೆಸಿದ್ದರು. ನಮ್ಮ ಜಿಲ್ಲೆಯಲ್ಲಂತೂ ಮಗು ಕಣ್ಣಾರೆ ಕಾಣಬೇಕಾದ ಸಂಗತಿಗಳು ಹೇರಳವಾಗಿವೆ. ಕೆಳದಿಯ ಶಿವಪ್ಪನಾಯಕನ ಹೆಸರಿನೊಡನೆ ತಳುಕು ಹಾಕಿಕೊಂಡ ಬೇಕಲಕೋಟೆ, ಅನಂತಪುರದ ಸರೋವರ ಕ್ಷೇತ್ರ, ಮಂಜೇಶ್ವರದ ಗೋವಿಂದ ಪೈ ಸ್ಮಾರಕ, ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಗುಡ್ಡದ ಒಡಲಿನಿಂದ ನೀರು ತರುವ ಸುರಂಗಗಳು ಇವೆಲ್ಲ ಪುಸ್ತಕದಲ್ಲಿ ಓದಿ ಮುಗಿಸುವ ವಿಷಯಗಳಲ್ಲ. ಆದುದರಿಂದ ಪ್ರಶ್ನೆ ‘ಹೋಗಬೇಕೆ, ಬೇಡವೆ’ ಎಂಬುದಲ್ಲ. ‘ಹೇಗೆ ಹೋಗಬೇಕು’ ಎಂಬುದು.

‘ಅಪಾಯ’ ಎಂಬ ಪದ

ಕನ್ನಡದಲ್ಲಿ ಅಪಾಯ ಎಂಬ ಒಂದೇ ಪದವು ಎರಡು ಅರ್ಥಗಳಲ್ಲಿ ಬಳಕೆಯಾಗುತ್ತದೆ. ‘ಆ ಬಾವಿ ಅಪಾಯ’ ಎನ್ನುವಾಗ ಕೇಡನ್ನುಂಟುಮಾಡಬಲ್ಲ ವಸ್ತುವನ್ನು ಸೂಚಿಸುತ್ತೇವೆ. ‘ಅಲ್ಲಿ ಆಡಿದರೆ ಅಪಾಯ’ ಎನ್ನುವಾಗ ಕೇಡು ಸಂಭವಿಸುವ ಸಾಧ್ಯತೆಯನ್ನು ಸೂಚಿಸುತ್ತೇವೆ. ನಮ್ಮ ವಿವೇಚನೆಗೆ ಇವೆರಡನ್ನೂ ಬೇರ್ಪಡಿಸುವುದು ಅವಶ್ಯ. ಮೊದಲನೆಯದನ್ನು ‘ಅಪಾಯದ ಮೂಲ’ ಎಂದೂ ಎರಡನೆಯದನ್ನು ‘ಅಪಾಯ ಸಂಭವ’ ಎಂದೂ ಕರೆಯೋಣ. ಕಟ್ಟೆಯಿಲ್ಲದ ಬಾವಿ ಅಪಾಯದ ಮೂಲ. ಅದರಿಂದ ಮುನ್ನೂರು ಮೀಟರು ದೂರದಲ್ಲಿ, ನಡುವೆ ಬೇಲಿಯಿರುವಲ್ಲಿ ಮಕ್ಕಳು ಕುಳಿತಿದ್ದರೆ ಅಪಾಯ ಸಂಭವ ಅತ್ಯಲ್ಪ. ಅದೇ ಬಾವಿಯ ಪಕ್ಕದಲ್ಲಿ ಊಟಕ್ಕೆ ಕುಳ್ಳಿರಿಸಿದರೆ ಅದು ಅತ್ಯಧಿಕ. ಬಾವಿಯನ್ನು ನಾವು ಸರಿಸಲಾರೆವು. ಊಟದ ಸ್ಥಳವನ್ನು ಸರಿಸಬಲ್ಲೆವು. ಅಧ್ಯಾಪಕರ ಕೈಯಲ್ಲಿರುವುದು ಹೆಚ್ಚಾಗಿ ಈ ಎರಡನೆಯದೇ.

ಅಪಾಯದ ಜೋಡಿಪದ ಉಪಾಯ. ಪಂಚತಂತ್ರದ ಒಂದು ಕತೆಯಲ್ಲಿ ತನ್ನ ಮರಿಗಳನ್ನು ತಿನ್ನುವ ಹಾವನ್ನು ಕೊಲ್ಲಿಸಲು ಬಕಪಕ್ಷಿಯು ಮುಂಗುಸಿಗೆ ದಾರಿ ತೋರಿಸುತ್ತದೆ. ಮುಂಗುಸಿ ಹಾವನ್ನು ಕೊಂದು ಬಳಿಕ ಬಕಗಳನ್ನೂ ತಿಂದುಹಾಕುತ್ತದೆ. ಉಪಾಯವನ್ನು ಯೋಚಿಸುವಾಗಲೇ ಅದರ ಬೆನ್ನಿಗೆ ಬರುವ ಅಪಾಯವನ್ನೂ ಯೋಚಿಸಬೇಕೆಂಬುದು ಕತೆಯ ತಾತ್ಪರ್ಯ. ಪ್ರವಾಸದ ಯೋಜನೆಗೂ ಇದು ಅನ್ವಯಿಸುತ್ತದೆ. ಬಿಸಿಲು ತಪ್ಪಿಸಲೆಂದು ನೀರಿನ ದಡದ ಮರದ ನೆರಳನ್ನು ಆಯ್ದುಕೊಂಡರೆ, ಒಂದು ಸಣ್ಣ ತೊಂದರೆಯಿಂದ ಪಾರಾಗಲು ದೊಡ್ಡದೊಂದನ್ನು ಬರಮಾಡಿಕೊಂಡಂತಾಗುತ್ತದೆ.

ನಡೆದ ದುರಂತಗಳು ಕಲಿಸುವುದೇನು?

2007ರ ಫೆಬ್ರವರಿ 20ರಂದು ಕೇರಳದ ತಟ್ಟೇಕಾಡು ಪಕ್ಷಿಧಾಮಕ್ಕೆ ಪ್ರವಾಸ ಹೋಗಿದ್ದ ಶಾಲಾ ತಂಡದ ದೋಣಿ ಪೆರಿಯಾರ್ ನದಿಯಲ್ಲಿ ಮುಳುಗಿ 15 ಮಕ್ಕಳೂ 3 ಅಧ್ಯಾಪಕರೂ ಮೃತರಾದರು. ದೋಣಿಯಲ್ಲಿ ಮಿತಿಮೀರಿ ಜನರಿದ್ದರು. 2024ರ ಜನವರಿ 18ರಂದು ಗುಜರಾತಿನ ವಡೋದರಾದ ಹರ್ಣಿ ಕೆರೆಯಲ್ಲಿ ಇಂತಹುದೇ ದುರ್ಘಟನೆ ನಡೆದು 12 ಮಕ್ಕಳು ಮತ್ತು 2 ಅಧ್ಯಾಪಕಿಯರು ಪ್ರಾಣ ಕಳೆದುಕೊಂಡರು. ಅಲ್ಲಿಯೂ ದೋಣಿಯಲ್ಲಿ ಮಿತಿಮೀರಿದ ಭಾರ, ಜೀವರಕ್ಷಕ ಅಂಗಿಯಿಲ್ಲದ ಮಕ್ಕಳು. ಅದೇ ವರ್ಷ ಡಿಸೆಂಬರ್ 10ರಂದು ಮುರುಡೇಶ್ವರದ ಕಡಲತೀರದಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲೆಗಳ ಪಾಲಾದರು. 2022ರ ಅಕ್ಟೋಬರ್ 5ರ ರಾತ್ರಿ ಪಾಲಕ್ಕಾಡು ಜಿಲ್ಲೆಯ ವಡಕ್ಕಂಚೇರಿಯಲ್ಲಿ ಊಟಿಗೆ ಹೊರಟಿದ್ದ ಶಾಲಾ ಪ್ರವಾಸದ ಬಸ್ಸು ಅತಿವೇಗದಿಂದ ಸರಕಾರಿ ಬಸ್ಸಿನ ಹಿಂಭಾಗಕ್ಕೆ ಅಪ್ಪಳಿಸಿ 5 ವಿದ್ಯಾರ್ಥಿಗಳು, ಒಬ್ಬ ಅಧ್ಯಾಪಕರು ಮತ್ತು ಸರಕಾರಿ ಬಸ್ಸಿನ 3 ಪ್ರಯಾಣಿಕರು ಅಸುನೀಗಿದರು. ಅದರ ಬಳಿಕ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಶಾಲಾ ಪ್ರವಾಸದ ವಾಹನಗಳು ಸಂಚರಿಸಬಾರದೆಂಬ ನಿರ್ದೇಶವನ್ನು ಕೇರಳದ ಶಿಕ್ಷಣ ಇಲಾಖೆ ಕಟ್ಟುನಿಟ್ಟುಗೊಳಿಸಿತು.

ಈ ಘಟನೆಗಳಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ಪ್ರವಾಸದಲ್ಲಿ ಅನೇಕ ಜೀವಗಳನ್ನು ಒಟ್ಟಿಗೆ ಸೆಳೆಯುವಂಥವು ಮುಖ್ಯವಾಗಿ ನೀರು ಮತ್ತು ರಸ್ತೆ. ಹಾವು, ಕಾಡುಪ್ರಾಣಿ, ಅಪರಿಚಿತರು ಇವುಗಳ ಕುರಿತು ಪೋಷಕರು ಬಹಳ ಕೇಳುತ್ತಾರೆ. ನೀರಿನ ಕುರಿತು, ಚಾಲಕನ ನಿದ್ದೆಯ ಕುರಿತು ಕೇಳುವವರು ಕಡಿಮೆ. ಎರಡು, ನೀರಿನ ದುರಂತಗಳಲ್ಲಿ ನಿರ್ಣಾಯಕವಾದ ತೀರ್ಮಾನವು ನೀರಿನ ಅಂಚಿನಲ್ಲಿ ನಿಂತು ತೆಗೆದುಕೊಳ್ಳುವಂತಹುದು. ‘ಇನ್ನು ನಾಲ್ಕು ಮಂದಿ ಹತ್ತಲಿ’, ‘ಸ್ವಲ್ಪ ಹೊತ್ತು ಕಾಲು ತೋಯಿಸಿಕೊಳ್ಳಲಿ’ ಎಂಬ ಮಾತುಗಳು ಅಲ್ಲಿ ಹುಟ್ಟುತ್ತವೆ. ಆ ಹೊತ್ತಿನಲ್ಲಿ ಅಧ್ಯಾಪಕರ ಸುತ್ತ ಮಕ್ಕಳ ಒತ್ತಾಯವಿರುತ್ತದೆ, ಸಮಯದ ಅವಸರವಿರುತ್ತದೆ, ‘ಏನೂ ಆಗುವುದಿಲ್ಲ’ ಎನ್ನುವ ಸ್ಥಳೀಯರಿರುತ್ತಾರೆ. ಅಂತಹ ಒತ್ತಡದಲ್ಲಿ ವಿವೇಚನೆ ದುರ್ಬಲವಾಗುತ್ತದೆ. ಆದುದರಿಂದ ಅಪಾಯದ ಮುನ್ನಂದಾಜು ಎಂದರೆ, ಅಂಚಿನಲ್ಲಿ ತೆಗೆದುಕೊಳ್ಳಬೇಕಾದ ತೀರ್ಮಾನವನ್ನು ಒಂದು ವಾರ ಮೊದಲೇ, ಅಧ್ಯಾಪಕರ ಕೋಣೆಯಲ್ಲಿ, ಶಾಂತಚಿತ್ತದಿಂದ ತೆಗೆದುಕೊಂಡು ಬರೆದಿಡುವುದು.

ಕಾನೂನಿನ ದೃಷ್ಟಿಯೂ ಸ್ಪಷ್ಟವಾಗಿದೆ. 1995ರ ಮೇ ತಿಂಗಳಲ್ಲಿ ಪಂಜಾಬಿನ ಪಠಾಣಕೋಟ ಸಮೀಪದ ಶಾಲೆಯೊಂದರ 14 ಮಕ್ಕಳು ಬಿಯಾಸ್ ನದಿಯ ತೀರಕ್ಕೆ ವನವಿಹಾರಕ್ಕೆಂದು ಹೋದಾಗ ನೀರುಪಾಲಾದರು. ಈ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಶಾಲೆಯ ಆಡಳಿತವನ್ನು ಹೊಣೆಯಾಗಿಸಿ, ಪ್ರತಿ ಮಗುವಿನ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು. ಪೋಷಕರ ಒಪ್ಪಿಗೆ ಪತ್ರವು ಪ್ರವಾಸಕ್ಕೆ ಅನುಮತಿಯೇ ಹೊರತು ಅಜಾಗರೂಕತೆಗೆ ಅನುಮತಿಯಲ್ಲ ಎಂಬುದನ್ನು ಅಧ್ಯಾಪಕರು ನೆನಪಿಡತಕ್ಕದ್ದು.

ಅಳೆಯುವ ಕ್ರಮ

ಮುನ್ನಂದಾಜಿನ ಹೆಜ್ಜೆಗಳು ಐದು: ಅಪಾಯದ ಮೂಲಗಳನ್ನು ಗುರುತಿಸುವುದು, ಯಾರಿಗೆ, ಹೇಗೆ ಕೇಡಾಗಬಹುದೆಂದು ಯೋಚಿಸುವುದು, ಸಂಭವವನ್ನು ಅಳೆದು ತಡೆಯುವ ಮಾರ್ಗವನ್ನು ನಿಶ್ಚಯಿಸುವುದು, ಅದನ್ನು ಬರೆದಿಟ್ಟು ಎಲ್ಲ ಸಹಾಯಕರಿಗೆ ತಿಳಿಸುವುದು, ಪ್ರವಾಸದ ನಂತರ ಪರಿಶೀಲಿಸುವುದು.

ಅಳತೆಗಾಗಿ ಸಾಮಾನ್ಯವಾಗಿ ಎರಡು ಅಂಕಗಳನ್ನು ಬಳಸುತ್ತಾರೆ. ಸಂಭವಿಸುವ ಸಾಧ್ಯತೆಗೆ 1ರಿಂದ 3, ಪರಿಣಾಮದ ತೀವ್ರತೆಗೆ 1ರಿಂದ 3. ಎರಡನ್ನೂ ಗುಣಿಸಿದರೆ ಅಪಾಯ ಸಂಭವದ ಅಂಕ ದೊರೆಯುತ್ತದೆ. ಬಸ್ಸಿನಲ್ಲಿ ಮಗುವಿಗೆ ವಾಂತಿಯಾಗುವುದು ಬಹಳ ಸಾಮಾನ್ಯ, ತೀವ್ರತೆ ಕಡಿಮೆ. ಮೂರನ್ನು ಒಂದರಿಂದ ಗುಣಿಸಿದರೆ 3. ಕೆರೆಯ ಬಳಿ ಮಗು ನೀರಿಗೆ ಬೀಳುವುದು ವಿರಳ, ಆದರೆ ತೀವ್ರತೆ ಅತ್ಯಧಿಕ; ಒಂದನ್ನು ಮೂರರಿಂದ ಗುಣಿಸಿದರೂ 3. ಅಂಕ ಒಂದೇ ಆದರೂ ಇವೆರಡೂ ಸಮಾನವಲ್ಲ. ಆದುದರಿಂದ ತೀವ್ರತೆ 3 ಇರುವ ಎಲ್ಲವನ್ನೂ, ಸಾಧ್ಯತೆ ಎಷ್ಟೇ ಕಡಿಮೆಯಿರಲಿ, ಮೊದಲು ಇತ್ಯರ್ಥ ಮಾಡಬೇಕೆಂಬ ನಿಯಮವನ್ನು ಸೇರಿಸಿಕೊಳ್ಳಬೇಕು. ಅಂಕಗಳು ಯೋಚನೆಗೆ ನೆರವೇ ಹೊರತು ಯೋಚನೆಗೆ ಬದಲಿಯಲ್ಲ.

ತಡೆಯುವ ಮಾರ್ಗಗಳಿಗೂ ಒಂದು ಶ್ರೇಣಿಯಿದೆ. ಅಪಾಯದ ಮೂಲದ ಬಳಿಗೆ ಹೋಗದಿರುವುದು ಅತ್ಯುತ್ತಮ. ಅದು ಸಾಧ್ಯವಾಗದಿದ್ದರೆ ಸಮಯವನ್ನೋ ದಾರಿಯನ್ನೋ ಬದಲಿಸುವುದು. ಅನಂತರ ಮಗುವಿಗೂ ಮೂಲಕ್ಕೂ ನಡುವೆ ತಡೆಯೊಡ್ಡುವುದು, ಅಂದರೆ ಅಲ್ಲಿ ಒಬ್ಬ ಹಿರಿಯರನ್ನು ನಿಲ್ಲಿಸುವುದು. ಕೊನೆಯದು ಎಚ್ಚರಿಕೆಯ ಮಾತು. ನಾವು ಹೆಚ್ಚಾಗಿ ಕೊನೆಯದನ್ನು ಮಾತ್ರ ನೆಚ್ಚುತ್ತೇವೆ. ಆರು ವರ್ಷದ ಮಗುವಿಗೆ ‘ಹುಷಾರು’ ಎಂದರೆ ಏನನ್ನು ಮಾಡಬೇಕೆಂದು ತಿಳಿಯುವುದಿಲ್ಲ. ‘ಗೋಡೆಯಿಂದ ಈಚೆ, ನನ್ನ ಬಲಗಡೆ ನಡೆ’ ಎಂದರೆ ತಿಳಿಯುತ್ತದೆ.

ಚಿಕ್ಕ ಮಕ್ಕಳ ದೇಹ ಮತ್ತು ಮನಸ್ಸಿನ ವಿಶೇಷಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬರುವ ವಾಹನದ ದೂರ ಮತ್ತು ವೇಗಗಳನ್ನು ಒಟ್ಟಿಗೆ ಅಳೆಯುವ ಶಕ್ತಿ ಅವರಲ್ಲಿ ಇನ್ನೂ ಬೆಳೆದಿರುವುದಿಲ್ಲ. ಅಂಗನವಾಡಿಯ ಮಕ್ಕಳಲ್ಲಿ ದೇಹಕ್ಕೆ ಹೋಲಿಸಿದರೆ ತಲೆಯ ಭಾರ ಹೆಚ್ಚಾದ್ದರಿಂದ, ತೊಟ್ಟಿಗೆ ಬಗ್ಗಿ ನೋಡುವಾಗ ಮುಗ್ಗರಿಸುತ್ತಾರೆ. ಅವರಿಗೆ ಗೇಣುದ್ದದ ನೀರೂ ಮಾರಕ. ಮುಳುಗುವ ಮಗು ಕೂಗುವುದಿಲ್ಲ, ಕೈಬೀಸುವುದಿಲ್ಲ. ಸದ್ದಿಲ್ಲದೆ ಕೆಲವೇ ನಿಮಿಷಗಳಲ್ಲಿ ಎಲ್ಲವೂ ಮುಗಿದಿರುತ್ತದೆ. ‘ಕೂಗಿದರೆ ಕೇಳಿಸುತ್ತದೆ’ ಎಂಬ ಭರವಸೆಗೆ ಆಧಾರವಿಲ್ಲ.

ಒಂದು ಉದಾಹರಣೆ: ಬೇಕಲಕೋಟೆ

ಮೂರನೆಯ ಮತ್ತು ನಾಲ್ಕನೆಯ ತರಗತಿಗಳ 36 ಮಕ್ಕಳನ್ನು ಬೇಕಲಕೋಟೆಗೆ ಕರೆದೊಯ್ಯುವ ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಮೊದಲ ಕೆಲಸ, ಉಸ್ತುವಾರಿಯ ಅಧ್ಯಾಪಕರು ಒಂದು ವಾರ ಮುಂಚಿತವಾಗಿ, ಪ್ರವಾಸದ ದಿನ ತಲುಪುವ ಹೊತ್ತಿಗೇ ಅಲ್ಲಿಗೆ ಹೋಗಿ ಕೋಟೆಯನ್ನು ನಡೆದು ನೋಡುವುದು. ಅಲ್ಲಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಮಗುವಿನ ಎತ್ತರದಿಂದ ನೋಡತಕ್ಕದ್ದು. ಹೊರಗೋಡೆಯ ಕಿಂಡಿಗಳು ದೊಡ್ಡವರಿಗೆ ಕಡಲನ್ನು ಕಾಣಿಸುವ ಚೌಕಟ್ಟುಗಳು. ಎಂಟು ವರ್ಷದ ಹುಡುಗನಿಗೆ ಅವು ಹತ್ತಿ ಕೂರುವ ಜಾಗಗಳು. ವೀಕ್ಷಣಾ ಬುರುಜಿನ ಮೇಲೆ ಒಮ್ಮೆಗೆ ಎಷ್ಟು ಮಂದಿ ಸುರಕ್ಷಿತವಾಗಿ ನಿಲ್ಲಬಹುದು, ನೆರಳು ಎಲ್ಲಿದೆ, ನೀರಿನ ಕೊಳ ಮತ್ತು ಬಾವಿಗಳಿಗೆ ಬೇಲಿಯಿದೆಯೆ, ಶೌಚಾಲಯ ಎಷ್ಟು ದೂರ, ಹೆಜ್ಜೇನಿನ ಗೂಡು ಕಾಣುತ್ತದೆಯೆ, ಬೀದಿನಾಯಿಗಳ ಹಿಂಡಿದೆಯೆ, ಬಸ್ಸು ನಿಲ್ಲುವ ಕಡೆ ಮಕ್ಕಳು ರಸ್ತೆ ದಾಟಬೇಕಾಗುತ್ತದೆಯೆ ಎಂಬುದನ್ನೆಲ್ಲ ಬರೆದುಕೊಳ್ಳಬೇಕು.

ಅನಂತರ ತೀರ್ಮಾನಗಳು. ಕಡಲನ್ನು ಕೋಟೆಯ ಮೇಲಿನಿಂದ ಮಾತ್ರ ನೋಡುವುದು, ಮರಳಿಗಿಳಿಯುವುದಿಲ್ಲ. ಹಿಂದೆ ಸರಿಯುವ ಅಲೆ ಕಾಲಡಿಯ ಮರಳನ್ನು ಸೆಳೆದೊಯ್ಯುವಾಗ ಮೊಣಕಾಲುದ್ದದ ನೀರಿನಲ್ಲಿಯೂ ಮಗು ನಿಲ್ಲಲಾರದು. ಸೆಳವು ಎಲ್ಲಿದೆಯೆಂದು ದಡದಲ್ಲಿ ನಿಂತವರಿಗೆ ತಿಳಿಯುವುದೂ ಇಲ್ಲ. ಈ ತೀರ್ಮಾನವನ್ನು ಮಕ್ಕಳಿಗೂ ಮನೆಯವರಿಗೂ ಮೊದಲೇ ತಿಳಿಸಬೇಕು. ಟವೆಲು, ಬದಲಿ ಬಟ್ಟೆ ತರಲು ಹೇಳಬಾರದು. ಬಟ್ಟೆ ತಂದ ಮಗು ಕಡಲಿಗಿಳಿಯುವ ಆಸೆಯನ್ನೂ ತಂದಿರುತ್ತದೆ. ಬುರುಜಿಗೆ ಒಮ್ಮೆಗೆ ಒಂದು ಗುಂಪು ಮಾತ್ರ. ಮುರಕಲ್ಲಿನ ಕೋಟೆಯ ಬಯಲಿನಲ್ಲಿ ನಡು ಹಗಲಿನ ಬಿಸಿಲು ಕಠಿಣವಾದುದರಿಂದ ಬೆಳಗ್ಗೆ ಬೇಗ ತಲುಪಿ ಮಧ್ಯಾಹ್ನದ ಮುನ್ನ ಹೊರಡುವುದು. ಚಿಕ್ಕವರ ದೇಹ ದೊಡ್ಡವರಿಗಿಂತ ಬೇಗ ಬಿಸಿಯೇರುತ್ತದೆ. ಬಾಯಾರಿಕೆಯಾಗುವವರೆಗೆ ಕಾಯದೆ ಗಂಟೆಗೊಮ್ಮೆ ನೀರು ಕುಡಿಸಬೇಕು.

ಹಿರಿಯರ ಸಂಖ್ಯೆ ಎಷ್ಟಿರಬೇಕು? ಇಂಗ್ಲೆಂಡಿನ ಶಿಕ್ಷಣ ಇಲಾಖೆ 1998ರಲ್ಲಿ ಹೊರಡಿಸಿದ ಮಾರ್ಗದರ್ಶಿಯಲ್ಲಿ 1ರಿಂದ 3ನೆಯ ತರಗತಿಯವರೆಗೆ 6 ಮಕ್ಕಳಿಗೆ ಒಬ್ಬರು ಎಂಬ ಅಳತೆಯಿತ್ತು. ನಮ್ಮಲ್ಲಿ ಅಷ್ಟು ಅಧ್ಯಾಪಕರು ಸಿಗುವುದು ಕಷ್ಟವಾದರೂ ರಕ್ಷಕ-ಶಿಕ್ಷಕ ಸಂಘದ ತಾಯಂದಿರು, ಹಳೆ ವಿದ್ಯಾರ್ಥಿಗಳ ನೆರವಿನಿಂದ 36 ಮಕ್ಕಳಿಗೆ 6 ಮಂದಿಯನ್ನು ಹೊಂದಿಸಬಹುದು. ಆದರೆ ಜೊತೆಗೆ ಬಂದವರೆಲ್ಲ ನೋಡಿಕೊಳ್ಳುವವರಲ್ಲ. ಯಾವ ಆರು ಮಕ್ಕಳು ಯಾರ ವಶದಲ್ಲಿ ಎಂಬುದನ್ನು ಹೆಸರು ಹಿಡಿದು ಬರೆದುಕೊಡಬೇಕು. ‘ಎಲ್ಲರೂ ಎಲ್ಲರನ್ನೂ ನೋಡಿಕೊಳ್ಳಿ’ ಎಂದಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಎಣಿಕೆಯನ್ನು ಪ್ರತಿಯೊಂದು ಸ್ಥಳಾಂತರದ ಮೊದಲೂ ಅನಂತರವೂ, ಹೆಸರು ಕರೆದು ಮಾಡಬೇಕು. ಜನಸಂದಣಿಯಲ್ಲಿ ಬೇರೆ ಶಾಲೆಯ ಮಗು ನಮ್ಮ ಸಾಲಿಗೆ ಸೇರಿ ನಮ್ಮದೊಂದು ಹೊರಗುಳಿದರೂ ಸಂಖ್ಯೆ ಸರಿಯಾಗಿಯೇ ಇರುತ್ತದೆ.

ವಾಹನದ ವಿಷಯದಲ್ಲಿ ಅರ್ಹತಾ ಪತ್ರ, ವಿಮೆ, ವೇಗ ನಿಯಂತ್ರಕ, ತುರ್ತು ನಿರ್ಗಮನ ಬಾಗಿಲು ಇವುಗಳನ್ನು ನೋಡುವುದರ ಜೊತೆಗೆ, ಹಿಂದಿನ ರಾತ್ರಿ ಚಾಲಕ ಎಲ್ಲಿದ್ದ, ನಿದ್ದೆ ಮಾಡಿದ್ದಾನೆಯೆ ಎಂದು ಕೇಳಲು ಸಂಕೋಚ ಪಡಬಾರದು. ಮೈಸೂರು, ಬೇಲೂರು, ಹಂಪಿಗಳಂತಹ ದೂರದ ಸ್ಥಳಗಳಿಗೆ ಹೋಗುವಾಗ ಒಂದು ದಿನ ಉಳಿಸಲೆಂದು ರಾತ್ರಿ ಪ್ರಯಾಣ ಮಾಡುವ ಆಕರ್ಷಣೆಯಿರುತ್ತದೆ. ಚಿಕ್ಕ ಮಕ್ಕಳಿಗೆ ಹತ್ತಿರದ ಸ್ಥಳವೇ ಲೇಸು.

ಭಾಷೆಯೂ ಸುರಕ್ಷೆಯ ವಿಷಯ

ಗಡಿನಾಡಿನ ಕನ್ನಡ ಶಾಲೆಯ ಮುನ್ನಂದಾಜಿನಲ್ಲಿ ಬೇರೆಡೆಯ ಮಾರ್ಗದರ್ಶಿಗಳಲ್ಲಿ ಕಾಣದ ಒಂದು ಅಂಶವಿದೆ. ಎಚ್ಚರಿಕೆಯ ಫಲಕಗಳು ಹೆಚ್ಚಾಗಿ ಮಲಯಾಳ ಮತ್ತು ಇಂಗ್ಲಿಷಿನಲ್ಲಿರುತ್ತವೆ. ‘ಆಳಂ’, ‘ಪ್ರವೇಶನಮಿಲ್ಲ’, ‘ಸೂಕ್ಷಿಕ್ಕುಕ’ ಎಂಬ ಮಾತುಗಳನ್ನು ಕಿವಿಯಿಂದ ಕೇಳಿದರೆ ಕನ್ನಡದ ಮಗುವಿಗೆ ಅರ್ಥ ಬಹುಮಟ್ಟಿಗೆ ಹೊಳೆಯುತ್ತದೆ, ಭಾಷೆಗಳು ಅಷ್ಟು ಸಮೀಪ. ಆದರೆ ಲಿಪಿ ಬಾರದ ಮಗುವಿಗೆ ಅದೇ ಮಾತು ಫಲಕದ ಮೇಲೆ ಬರಿಯ ಗೆರೆಗಳಾಗಿ ಉಳಿಯುತ್ತದೆ. ಮುಂಚಿತವಾಗಿ ಹೋದ ಅಧ್ಯಾಪಕರು ಆ ಫಲಕಗಳ ಚಿತ್ರ ತೆಗೆದು ತಂದು, ಹೊರಡುವ ಮೊದಲು ತರಗತಿಯಲ್ಲಿ ತೋರಿಸಿ ಓದಿಸಬೇಕು. ಇದು ಒಳ್ಳೆಯ ಭಾಷಾ ಪಾಠವೂ ಆಗುತ್ತದೆ.

ತರಗತಿಯೊಳಗೂ ಮನೆಮಾತುಗಳು ಹಲವು: ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಠಿ, ಬ್ಯಾರಿ. ಒಂದನೆಯ ತರಗತಿಯ ಮಗುವಿಗೆ ಬಾವಿ ಎಂಬ ಪದಕ್ಕಿಂತ ಮೊದಲು ‘ಗುವೆಲ್’ ಎಂಬುದು ತಿಳಿದಿರಬಹುದು. ಸೂಚನೆಗಳನ್ನು ಹೇಳಿ ‘ಅರ್ಥವಾಯಿತೆ?’ ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಅದರ ಬದಲು ಮಗು ತನ್ನ ಮಾತಿನಲ್ಲಿ ಮರಳಿ ಹೇಳುವಂತೆ ಮಾಡಬೇಕು. ‘ನಿಲ್ಲಿ’, ‘ಸಾಲು’ ಎಂಬ ಎರಡು ಆಜ್ಞೆಗಳನ್ನೂ ಒಂದು ಸೀಟಿಯ ಸದ್ದನ್ನೂ ಆಟದ ಬಯಲಿನಲ್ಲಿ ಅಭ್ಯಾಸ ಮಾಡಿಸಿದರೆ ಸಾಕು.

ದಾರಿ ತಪ್ಪಿದ ಮಗುವಿಗೆ ಎದುರಾಗುವ ಕಾವಲುಗಾರ ಅಥವಾ ಪೋಲೀಸ್ ಸಿಬ್ಬಂದಿ ಮಲಯಾಳ ಮಾತ್ರ ಬಲ್ಲವರಾಗಿರಬಹುದು. ಆದುದರಿಂದ ಪ್ರತಿ ಮಗುವಿನ ಕೊರಳಿನಲ್ಲಿ ಶಾಲೆಯ ಹೆಸರು ಮತ್ತು ಅಧ್ಯಾಪಕರ ದೂರವಾಣಿ ಸಂಖ್ಯೆಯನ್ನು ಕನ್ನಡ, ಮಲಯಾಳ ಎರಡರಲ್ಲಿಯೂ ಬರೆದ ಚೀಟಿಯಿರಲಿ. ಮಗುವಿನ ಹೆಸರು ಒಳಮಗ್ಗುಲಿನಲ್ಲಿರಲಿ. ಹೊರಗೆ ಕಾಣುವಂತಿದ್ದರೆ ಯಾರು ಬೇಕಾದರೂ ಹೆಸರು ಹಿಡಿದು ಕರೆಯಬಹುದು. ಒಪ್ಪಿಗೆ ಪತ್ರವೂ ಮನೆಯವರು ಓದಬಲ್ಲ ಭಾಷೆಯಲ್ಲಿರಬೇಕು, ಓದಲಾರದವರಿಗೆ ಓದಿ ಹೇಳಬೇಕು. ಅದರಲ್ಲಿ ಅಪಸ್ಮಾರ, ಉಬ್ಬಸ, ಒಗ್ಗದ ಆಹಾರ, ನಿತ್ಯದ ಔಷಧಗಳ ವಿವರ ಕೇಳತಕ್ಕದ್ದು.

ಯಾರೂ ಹೊರಗುಳಿಯದಂತೆ

ಮುನ್ನಂದಾಜಿನ ದುರುಪಯೋಗವೂ ಸಾಧ್ಯ. ನಡೆಯಲು ಕಷ್ಟವಿರುವ, ಅಪಸ್ಮಾರವಿರುವ ಮಗುವನ್ನು ‘ಅಪಾಯ’ದ ಹೆಸರಿನಲ್ಲಿ ಮನೆಯಲ್ಲಿಯೇ ಬಿಟ್ಟುಹೋಗುವುದು ಅದರ ಒಂದು ರೂಪ. ಗೇರುತೋಟಗಳ ಮೇಲೆ ವರ್ಷಗಟ್ಟಲೆ ಎಂಡೋಸಲ್ಫಾನ್ ಸಿಂಪಡಿಸಿದ ಪರಿಣಾಮವನ್ನು ಹೊತ್ತ ಎಣ್ಮಕಜೆಯಂತಹ ಗ್ರಾಮಗಳಿರುವ ನಮ್ಮ ಜಿಲ್ಲೆಯಲ್ಲಿ ಇದು ದೂರದ ಮಾತಲ್ಲ. ಅಂಗವಿಕಲರ ಹಕ್ಕುಗಳ ಕುರಿತ 2016ರ ಕಾಯಿದೆಯು ಅಂತಹ ಮಕ್ಕಳಿಗೆ ಇತರರೊಡನೆ ಸಮಾನವಾಗಿ ಕಲಿಯುವ ಹಕ್ಕನ್ನು ನೀಡಿದೆ. ಬುರುಜು ಹತ್ತಲಾರದ ಮಗುವಿರುವ ತರಗತಿಗೆ ಸಮತಟ್ಟಾದ ಸ್ಥಳವನ್ನು ಆಯ್ದುಕೊಂಡರೆ ಉಳಿದ ಮಕ್ಕಳಿಗೆ ನಷ್ಟವೇನೂ ಇಲ್ಲ. ಸ್ಥಳವನ್ನು ಮೊದಲು ನಿಶ್ಚಯಿಸಿ ಮಕ್ಕಳನ್ನು ಆರಿಸಬಾರದು. ತರಗತಿಯ ಮಕ್ಕಳನ್ನೆಲ್ಲ ಎಣಿಸಿಕೊಂಡು ಅವರಿಗೆ ಒಗ್ಗುವ ಸ್ಥಳವನ್ನು ಆರಿಸಬೇಕು.

ಆ ದಿನ

ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಮಕ್ಕಳ ಪಟ್ಟಿಯ ಎರಡು ಪ್ರತಿಗಳು (ಒಂದು ಶಾಲೆಯಲ್ಲಿ, ಒಂದು ಕೈಯಲ್ಲಿ), ಪೋಷಕರ ದೂರವಾಣಿ ಸಂಖ್ಯೆಗಳು ಸಿದ್ಧವಿರಲಿ. ತುರ್ತು ಕರೆಗೆ 112, ಆಂಬುಲೆನ್ಸಿಗೆ 108, ಮಕ್ಕಳ ಸಹಾಯವಾಣಿಗೆ 1098. ದೊಡ್ಡ ಚಿಕಿತ್ಸೆಗೆ ಮಂಗಳೂರನ್ನು ನೆಚ್ಚುವುದು ನಮ್ಮ ರೂಢಿ. ಆದರೆ ಮೊದಲ ಅರ್ಧ ಗಂಟೆಯಲ್ಲಿ ತಲುಪಬಹುದಾದ ಆಸ್ಪತ್ರೆ ಯಾವುದು, ಅಲ್ಲಿ ತುರ್ತು ವಿಭಾಗವಿದೆಯೆ ಎಂಬುದನ್ನು ಮುಂಚಿತವಾಗಿ ತಿಳಿದಿರಬೇಕು. ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಲಸಿಕೆಗೆ ಕರೆದೊಯ್ಯಬೇಕು. ಗೀರಿದ ಗಾಯವನ್ನೂ ಉಪೇಕ್ಷಿಸಬಾರದು.

ಬರೆದ ಯೋಜನೆಯನ್ನು ಸ್ಥಳದಲ್ಲಿ ಹೆಚ್ಚು ಸುರಕ್ಷಿತವಾದ ಕಡೆಗೆ ಮಾತ್ರ ಬದಲಿಸಬಹುದು. ಮಳೆ ಬಂದರೆ ಒಂದು ಸ್ಥಳವನ್ನು ಬಿಡಬಹುದು. ಯೋಜನೆಯಲ್ಲಿ ಇಲ್ಲದ ದೋಣಿಯನ್ನು, ಹೊಳೆಯನ್ನು, ನೀರು ತುಂಬಿದ ಕಲ್ಲುಕೋರೆಯನ್ನು ಸೇರಿಸಬಾರದು. ನೇರವಾಗಿ ಕಡಿದ ಕೋರೆಯ ಅಂಚಿನಿಂದ ಬಿದ್ದವರಿಗೆ ಹತ್ತಿಬರಲು ಇಳಿಜಾರೇ ಇರುವುದಿಲ್ಲ. ಮುಖ್ಯೋಪಾಧ್ಯಾಯರೇ ಹೇಳಿದರೂ ‘ಇದು ನಮ್ಮ ಪಟ್ಟಿಯಲ್ಲಿಲ್ಲ, ಸರ್’ ಎಂದು ವಿನಯದಿಂದ ಹೇಳಲು ಕಿರಿಯ ಅಧ್ಯಾಪಕರಿಗೆ ಆ ಹಾಳೆ ಆಸರೆಯಾಗುತ್ತದೆ. ಮುನ್ನಂದಾಜಿನ ನಿಜವಾದ ಪ್ರಯೋಜನ ಇಲ್ಲಿದೆ: ಅದು ಕಡತಕ್ಕೆ ಸೇರಿಸುವ ದಾಖಲೆ ಮಾತ್ರವಲ್ಲ, ‘ಬೇಡ’ ಎನ್ನಲು ಮುಂಚಿತವಾಗಿ ದೊರೆತ ಅಧಿಕಾರ.

ಅಭ್ಯಾಸ

1. ನಿಮ್ಮ ಊರಿನ ಒಂದು ಸ್ಥಳವನ್ನು ಆಯ್ದುಕೊಂಡು, ಎರಡನೆಯ ತರಗತಿಯ 24 ಮಕ್ಕಳ ಅರ್ಧ ದಿನದ ಸಂಚಾರಕ್ಕೆ ಅಪಾಯದ ಮೂಲಗಳ ಪಟ್ಟಿ ಮಾಡಿರಿ. ತೀವ್ರತೆ 3 ಇರುವವುಗಳನ್ನು ಬೇರ್ಪಡಿಸಿರಿ.
2. ಅವುಗಳಲ್ಲಿ ಪ್ರತಿಯೊಂದಕ್ಕೂ ಎಚ್ಚರಿಕೆಯ ಮಾತನ್ನು ಬಿಟ್ಟು ಬೇರೊಂದು ತಡೆಯ ಮಾರ್ಗವನ್ನು ಬರೆಯಿರಿ.
3. ಆ ಸ್ಥಳದಲ್ಲಿರುವ ಎಚ್ಚರಿಕೆಯ ಫಲಕಗಳು ಯಾವ ಭಾಷೆಗಳಲ್ಲಿವೆ? ಅವುಗಳನ್ನು ಏಳು ವರ್ಷದ ಮಗುವಿಗೆ ತಿಳಿಯುವ ಕನ್ನಡದಲ್ಲಿ ಬರೆಯಿರಿ.
4. ಮಕ್ಕಳು ಹೊಳೆಗಿಳಿಯಲು ಹಟ ಹಿಡಿದಾಗ ಅಧ್ಯಾಪಕರು ಆಡಬೇಕಾದ ಮಾತನ್ನು ಐದು ವಾಕ್ಯಗಳಲ್ಲಿ ಬರೆಯಿರಿ.